ಸಂಬಳದ ಸರ್ಟಿಫಿಕೇಟು, ಕಾಕನ ಮಗಳ ಸೀಟು

ಟೈಪ್ ಮಾಡಲು ಬರುತ್ತದೆ ಎಂಬ ಒಂದೇ ತಪ್ಪಿಗೆ ನಾನು ರಿಯಾದಿನಲ್ಲಿ ಎಂಟು ವರ್ಷ ಅನುಭವಿಸಿದ್ದೇನೆ. ಒಂದು ಸಲ ಆಗಿ ಮುಗಿಯುವ ಕಷ್ಟವಲ್ಲ ಅದು. ಊರಿನಲ್ಲಿ ಪಿಯುಸಿ ರಿಸಲ್ಟ್ ಬಂತೆಂದರೆ ಪ್ರತಿವರ್ಷವೂ ತಪ್ಪದೆ ಬರುವುದು, ಮಳೆಗಾಲಕ್ಕೆ ನೆಗಡಿ ಬಂದ ಹಾಗೆ.

ಎಂಬತ್ತರ ದಶಕದ ನಡುವಿನ ಮಾತು. ನಾನು ಒಂದು ಕಟ್ಟಡ ಕಂಪನಿಯ ಆಫೀಸಿನಲ್ಲಿ ಗುಮಾಸ್ತ. ಕಂಪನಿಯಲ್ಲಿ ದಕ್ಷಿಣ ಕನ್ನಡದವರೇ ನಲವತ್ತು ಜನ ಇದ್ದರು. ಬೀಡಿ ಬ್ರಾಂಚಿನಲ್ಲಿ ಲೆಕ್ಕ ಬರೆಯುವವರನ್ನು ಕರೆಯುವ ಹಾಗೆ ನನ್ನನ್ನು ಎಲ್ಲರೂ 'ರೈಟ್ರೇ' ಎನ್ನುತ್ತಿದ್ದರು. ಸೌದಿಯ ಕಾಲೇಜುಗಳಲ್ಲಿ ನಮ್ಮ ಮಕ್ಕಳಿಗೆ ಜಾಗವಿರಲಿಲ್ಲ. ಅಪ್ಪ ಇಲ್ಲಿದ್ದರೂ ಮಗ ಊರಿನಲ್ಲೇ ಓದಬೇಕು. ಊರಿನ ಕಾಲೇಜುಗಳಿಗೋ, 'ಗಲ್ಫ್' ಎಂದು ಕಿವಿಗೆ ಬಿದ್ದರೆ ಸಾಕು, ಫೀಸಿನ ಬಾಲಕ್ಕೆ ಒಂದು ಸೊನ್ನೆ ತಾನಾಗಿ ಬಂದು ಅಂಟಿಕೊಳ್ಳುತ್ತಿತ್ತು. ಆದ್ದರಿಂದ ಅರ್ಜಿ, ವಿನಂತಿ, ಸಂಬಳದ ಸರ್ಟಿಫಿಕೇಟು ಎಂದು ಎಲ್ಲರೂ ನನ್ನ ಮೇಜಿಗೆ ಬರುವುದು. ನಾನು ಬೈಯುವುದು, ಟೈಪ್ ಮಾಡುವುದು, ಮತ್ತೆ ಬೈಯುವುದು.

೧. ಎರಡು ಲಕೋಟೆ

ಮೊದಲು ಬಂದವರು ಕುಂದಾಪುರ ಕಡೆಯ ಫೋರ್ಮನ್. ಮಗ ಪಿಯುಸಿ ಸೆಕೆಂಡ್ ಕ್ಲಾಸಿನಲ್ಲಿ ಪಾಸಾಗಿದ್ದ.

"ರೈಟ್ರೇ, ನಂಗೊಂದು ಸಂಬಳದ ಸರ್ಟಿಫಿಕೇಟ್ ಬೇಕಿತ್ತು."

"ಎಷ್ಟು ಸಂಬಳ ಹಾಕಲಿ?"

"ಎಷ್ಟು ಹಾಕ್ಲಿಕ್ಕೆ ಆಗ್ತದೋ ಅಷ್ಟು ಹಾಕಿ. ಎಂಜಿನಿಯರಿಂಗ್ ಕಾಲೇಜಿನವ್ರಿಗೆ ಕಳಿಸುದು. ಡೊನೇಶನ್ ಕೊಡುವ ತಾಕತ್ತು ಉಂಟಾ ಅಂತ ನೋಡ್ತಾರಂತೆ."

ಬೇಸಿಕ್, ಓವರ್‌ಟೈಮ್, ಊಟದ ಭತ್ಯೆ, ವಸತಿ, ರಜೆಯ ಟಿಕೆಟು ಎಲ್ಲವನ್ನೂ ಗುಡ್ಡೆ ಹಾಕಿ ಒಂದು ಸರ್ಟಿಫಿಕೇಟು ಹೊಡೆದೆ. ಓದಿಸಿ ಕೇಳಿ ಅವರ ಮುಖ ಅರಳಿತು. ಮಧ್ಯಾಹ್ನ ಮತ್ತೆ ಪ್ರತ್ಯಕ್ಷ.

"ರೈಟ್ರೇ, ಇನ್ನೊಂದು ಬೇಕಿತ್ತು."

"ಯಾಕೆ?"

"ಮಂಗ್ಳೂರಲ್ಲೊಂದು ಟ್ರಸ್ಟ್ ಉಂಟಂತೆ. ಬಡವ್ರ ಮಕ್ಳಿಗೆ ಸ್ಕಾಲರ್‌ಶಿಪ್ ಕೊಡ್ತಾರಂತೆ. ಅವ್ರಿಗೆ ಎಷ್ಟು ಕಮ್ಮಿ ತೋರ್ಸ್ಲಿಕ್ಕೆ ಆಗ್ತದೋ ಅಷ್ಟು ಕಮ್ಮಿ."

"ಮಾರಾಯ್ರೇ, ಬೆಳಿಗ್ಗೆ ಶ್ರೀಮಂತ, ಮಧ್ಯಾಹ್ನ ಬಡವ, ಇದೆಂತದು?"

"ಊಟದ ನಂತ್ರ ಎಲ್ಲರೂ ಹಾಗೇ ಅಲ್ವಾ?" ಎಂದರು.

ಸರಿ, ಎರಡನೆಯದರಲ್ಲಿ ಬರೀ ಬೇಸಿಕ್ ಹಾಕಿದೆ. ಎರಡೂ ಸುಳ್ಳಲ್ಲ. ಎರಡೂ ನಿಜ ಎಂದು ಪ್ರಮಾಣ ಮಾಡಿ ಹೇಳಲು ಮಾತ್ರ ನನಗೆ ಧೈರ್ಯವಿರಲಿಲ್ಲ. ಲಕೋಟೆಗೆ ನಾನೇ ಹಾಕಿ ಕೊಡುತ್ತೇನೆಂದರೆ ಕೇಳಲಿಲ್ಲ. ಸಂಬಳದ ವಿಷಯ ಇನ್ನೊಬ್ಬರ ಕೈಗೆ ಹೋಗಬಾರದೆಂದು, ಆ ಸಂಬಳವನ್ನು ಟೈಪ್ ಮಾಡಿದ ನನ್ನ ಎದುರಿಗೇ ಹೇಳಿ, ಎರಡನ್ನೂ ರೂಮಿಗೆ ಒಯ್ದು ತಾವೇ ಹಾಕಿ, ತಾವೇ ನೆಕ್ಕಿ ಅಂಟಿಸಿದರು. ಆಗ ಪತ್ರ ಬೇಗ ತಲುಪಬೇಕಾದರೆ ರಜೆಯಲ್ಲಿ ಊರಿಗೆ ಹೋಗುವವರ ಕೈಯಲ್ಲಿ ಕಳುಹಿಸುವುದು ಪದ್ಧತಿ. ಹಾಗೆಯೇ ಕಳುಹಿಸಿದರು.

ಎರಡು ತಿಂಗಳ ನಂತರ ಎರಡೂ ಕಡೆಯಿಂದ ಉತ್ತರ ಬಂತು. ಡೊನೇಶನ್ ಕಾಲೇಜಿನವರು ಬರೆದಿದ್ದರು: ತಮ್ಮ ಆರ್ಥಿಕ ಪರಿಸ್ಥಿತಿಗಾಗಿ ನಮಗೆ ತುಂಬ ಸಹಾನುಭೂತಿಯಿದೆ, ಆದರೆ ಸೀಟು ಕೊಡಲಾರೆವು. ಬಡವರ ಟ್ರಸ್ಟಿನವರು ಬರೆದಿದ್ದರು: ತಮ್ಮಂಥ ಅನುಕೂಲಸ್ಥರು ನಮ್ಮನ್ನು ನೆನಪಿಸಿಕೊಂಡಿದ್ದು ಸಂತೋಷ, ನಮ್ಮ ಹೊಸ ಕಟ್ಟಡಕ್ಕೆ ಉದಾರವಾಗಿ ದೇಣಿಗೆ ನೀಡಬೇಕು, ವಾರ್ಷಿಕೋತ್ಸವದ ಅಧ್ಯಕ್ಷತೆಯನ್ನೂ ತಾವೇ ವಹಿಸಬೇಕು.

ನಾನು ಹಣೆ ಚಚ್ಚಿಕೊಂಡೆ. ಫೋರ್ಮನ್ ಟ್ರಸ್ಟಿನ ಪತ್ರವನ್ನು ಎರಡು ಸಲ ಓದಿಸಿಕೊಂಡು, ಜೋಪಾನವಾಗಿ ಮಡಚಿ ಜೇಬಿಗಿಟ್ಟುಕೊಂಡರು.

"ಸೀಟ್ ಹೋದ್ರೆ ಹೋಗ್ಲಿ ರೈಟ್ರೇ. ಅಧ್ಯಕ್ಷತೆಗೆ ರಜೆ ಸಿಗ್ತದಾ ಅಂತ ಒಂದು ಅರ್ಜಿ ಹೊಡೀರಿ."

೨. ರಿಸಲ್ಟಿಗಿಂತ ಮೊದಲು ಹಲ್ವ

ಕಂಪನಿಯ ಮೆಸ್ಸಿನಲ್ಲಿ ಅಡುಗೆ ಮಾಡುತ್ತಿದ್ದವರು ಬಂಟ್ವಾಳದ ಕಡೆಯ ಬ್ಯಾರಿ ಮುದುಕರು. ಮುದುಕರೆಂದರೆ ಐವತ್ತೆರಡು. ಬೆಂಕಿಯ ಎದುರು ನಿಂತು ನಿಂತು ಅರವತ್ತೈದರ ಹಾಗೆ ಕಾಣುತ್ತಿದ್ದರು. ಎಲ್ಲರಿಗೂ 'ಕಾಕ'. ತಿಂಗಳಿಗೆ ನಾನೂರೈವತ್ತು ರಿಯಾಲ್ ಸಂಬಳ, ಊರಿನಲ್ಲಿ ಹೆಂಡತಿ, ಐದು ಮಕ್ಕಳು. ಹಿರಿಯವಳು ಓದಿನಲ್ಲಿ ಭಾರೀ ಚುರುಕು.

ಫೋರ್ಮನ್ನರ ಲಕೋಟೆಯ ಮರುವರ್ಷ ಏಪ್ರಿಲ್ ತಿಂಗಳ ಒಂದು ದಿನ ನಮ್ಮ ಎಂಜಿನಿಯರ್ ಸಾಹೇಬರು ಮೆಸ್ಸಿಗೆ ಬಂದು, "ಕಾಕಾ, ಇವತ್ತು ರಾತ್ರಿ ಊಟಕ್ಕೆ ಎಲ್ಲರಿಗೂ ಹಲ್ವ ಮಾಡಿ, ಖರ್ಚು ನನ್ನದು" ಎಂದರು. ಮಂಗಳೂರಿನವರು, ಕಂಪನಿ ಕೊಟ್ಟ ಕಾರಿನಲ್ಲಿ ಓಡಾಡುವವರು. ಅವರ ಒಬ್ಬನೇ ಮಗ ಕಾಕನ ಮಗಳ ಜೊತೆಗೇ ಆ ವರ್ಷ ಪಿಯುಸಿ.

"ಎಂತ ವಿಶೇಷ ಸಾಹೇಬ್ರೇ?"

"ಮಗನಿಗೆ ಮೆಡಿಕಲ್ ಸೀಟಾಯ್ತು."

ನನಗೆ ಅರ್ಥವಾಗಲಿಲ್ಲ. "ರಿಸಲ್ಟ್ ಬಂತಾ?" ಎಂದೆ.

"ರಿಸಲ್ಟ್ ಜೂನಿಗೆ."

"ಪರೀಕ್ಷೆ?"

"ನಾಳೆಯಿಂದ ಶುರು."

ಕಾಕ ಕೈಯಲ್ಲಿ ಸೌಟು ಹಿಡಿದುಕೊಂಡು, "ಹಾಗಾದ್ರೆ ಪರೀಕ್ಷೆ ಯಾಕೆ ಬರೆಯುದು ಸಾಹೇಬ್ರೇ, ಸುಮ್ನೆ ಮಗುವಿಗೆ ತೊಂದ್ರೆ" ಎಂದರು. ವ್ಯಂಗ್ಯವಲ್ಲ. ಕಾಕನಿಗೆ ವ್ಯಂಗ್ಯ ಬರುತ್ತಿರಲಿಲ್ಲ, ನಿಜವಾಗಿಯೂ ಆ ಹುಡುಗನ ಮೇಲೆ ಕನಿಕರಪಟ್ಟರು.

ಎಂಜಿನಿಯರ್ ನಗುತ್ತ, ಡೊನೇಶನ್ ಮಾರ್ಚಿನಲ್ಲೇ ಕಟ್ಟಿಯಾಗಿದೆ, ಪಾಸಾದರೆ ಸಾಕು ಎಂದರು. ಜೂನಿನಲ್ಲಿ ಹುಡುಗ ಹೇಗೋ ಪಾಸಾದ. ಅದೇ ದಿನ ಕಾಕನ ಮಗಳ ರಿಸಲ್ಟೂ ಬಂತು. ಡಿಸ್ಟಿಂಕ್ಷನ್. ಮುಂದೆ ಅಂಕದ ಬಲದ ಮೇಲೆ ಅವಳಿಗೂ ಮೆಡಿಕಲ್ ಸೀಟು ಸಿಕ್ಕಿತು, ಅದೇ ಕಾಲೇಜಿನಲ್ಲಿ, ಅದೇ ಕ್ಲಾಸಿನಲ್ಲಿ. ಡೊನೇಶನ್ ಇಲ್ಲ, ಸರ್ಕಾರದ ಫೀಸು. ಆದರೆ ಆ ಫೀಸು, ಹಾಸ್ಟೆಲು, ಪುಸ್ತಕ ಎಂದು ಸೇರಿಸಿದರೆ ಕಾಕನ ಕೈಗೆ ಎಟಕುವಂಥದ್ದಲ್ಲ. ಸೆಪ್ಟೆಂಬರ್ ಹತ್ತರೊಳಗೆ ಕಟ್ಟಬೇಕು, ಇಲ್ಲದಿದ್ದರೆ ಸೀಟು ಹೋಯಿತು. ಬೇರೆ ದಾರಿಯೆಂದರೆ ಮಂಗಳೂರಿನ ಆ ಟ್ರಸ್ಟಿನ ಸ್ಕಾಲರ್‌ಶಿಪ್ ಒಂದೇ. ಕಾಕನ ಸಂಬಳವನ್ನು ರೂಪಾಯಿ ಮಾಡಿದರೂ ಅವರು ಹಾಕಿದ್ದ ಆದಾಯದ ಮಿತಿಯೊಳಗೇ ಇತ್ತು.

ಮಗಳ ಅಂಕ ಕೇಳಿದ ದಿನ ಕಾಕ ಮೆಸ್ಸಿನ ಮೂಲೆಯಲ್ಲಿ ಕೂತು ಕಣ್ಣೊರೆಸಿಕೊಂಡರು. ನಾನು ಬೆನ್ನು ತಟ್ಟಿ, "ಇವತ್ತು ಹಲ್ವ ಇಲ್ವಾ ಕಾಕ?" ಎಂದೆ.

"ನನ್ನ ಮಗಳು ಬರೀ ಪಾಸಾದದ್ದಲ್ವಾ ರೈಟ್ರೇ," ಎಂದರು, "ಸೀಟು ಇನ್ನೂ ಗ್ಯಾರಂಟಿ ಇಲ್ಲ."

೩. ಉನೈಜಾದ ಜಮೀನ್ದಾರ

ಕಾಕನ ಅರ್ಜಿ ನಾನೇ ತಯಾರಿಸಿದೆ. ಆದರೆ ಫೋರ್ಮನ್ನರ ಲಕೋಟೆ ಪ್ರಕರಣದ ಸುಟ್ಟ ಗಾಯ ಟ್ರಸ್ಟಿನವರಿಗೆ ಆರಿರಲಿಲ್ಲ. ಗಲ್ಫಿನವರ ಅರ್ಜಿಯಾದರೆ ಕಂಪನಿಯ ಕಾಗದ ಸಾಲದು, ಊರಿನ ತಾಲೂಕು ಕಚೇರಿಯ ಆದಾಯ ಪ್ರಮಾಣಪತ್ರವೇ ಬೇಕು ಎಂದು ಹೊಸ ನಿಯಮ ಮಾಡಿಕೊಂಡಿದ್ದರು. ತಾಲೂಕು ಕಚೇರಿಯವರು ತಂದೆಯ ಉದ್ಯೋಗಕ್ಕೆ ಪುರಾವೆಯಾಗಿ ಇಕಾಮಾದ ಇಂಗ್ಲಿಷ್ ಅನುವಾದ ಕೇಳಿದರು. ಇಕಾಮಾ ಎಂದರೆ ಸೌದಿಯಲ್ಲಿ ನಾವು ಸದಾ ಜೇಬಿನಲ್ಲಿಟ್ಟುಕೊಳ್ಳಬೇಕಾದ ವಾಸದ ಪುಸ್ತಕ.

ಇಕಾಮಾದಲ್ಲಿ ಕಾಕ ಅಡುಗೆಯವರಲ್ಲ. ನಮ್ಮ ಕಂಪನಿಯ ಮಾಲೀಕರಿಗೆ, ಅಂದರೆ ನಮಗೆ ವೀಸಾ ಕೊಟ್ಟ ಕಫೀಲರಿಗೆ, ಉನೈಜಾದಲ್ಲಿ ಖರ್ಜೂರದ ತೋಟವಿತ್ತು. ಅಡುಗೆಯವರ ವೀಸಾ ಮುಗಿದುಹೋಗಿ ತೋಟದ ಟ್ರಾಕ್ಟರ್ ಡ್ರೈವರನ ವೀಸಾ ಒಂದು ಉಳಿದಿತ್ತೆಂದು ಅದರಲ್ಲಿ ಕಾಕನನ್ನು ಕರೆಸಿದ್ದರು. ಆ ಕಾಲದಲ್ಲಿ ಅದೇನೂ ದೊಡ್ಡ ಸಂಗತಿಯಲ್ಲ, ಇಕಾಮಾದ ಪ್ರಕಾರ ನಮ್ಮ ಕಾರ್ಪೆಂಟರ್ ಒಬ್ಬರು ಕ್ಷೌರಿಕರಾಗಿದ್ದರು. ನಾನು ಅನುವಾದದವರು ಹೇಳಿದ ಹಾಗೆ ಪ್ರಾಮಾಣಿಕವಾಗಿ, 'ಟ್ರಾಕ್ಟರ್ ಡ್ರೈವರ್, ಕೃಷಿ ತೋಟ, ಉನೈಜಾ' ಎಂದು ಟೈಪ್ ಮಾಡಿದೆ. ಪ್ರಾಮಾಣಿಕತೆಗೆ ಯಾವಾಗಲೂ ಪೆಟ್ಟು ಬೀಳುವುದು ಹೀಗೆ.

ಮೂರು ವಾರದ ಮೇಲೆ ತಾಲೂಕು ಕಚೇರಿಯ ಪತ್ರದ ನಕಲು ಬಂತು. ಮೆಸ್ಸಿನಲ್ಲಿ ಕಾಕನಿಗೆ ಓದಿ ಹೇಳಿದೆ. 'ಅರ್ಜಿದಾರಳ ತಂದೆಯವರು ಹೊರದೇಶದಲ್ಲಿ ಕೃಷಿ ತೋಟ ಹಾಗೂ ಟ್ರಾಕ್ಟರ್ ಹೊಂದಿರುವುದಾಗಿ ದಾಖಲೆಗಳಿಂದ ಕಂಡುಬಂದಿರುತ್ತದೆ. ಸದರಿ ತೋಟದ ಸರ್ವೆ ನಂಬ್ರ, ವಿಸ್ತೀರ್ಣ, ನೀರಾವರಿಯ ಮೂಲ ಹಾಗೂ ಪಹಣಿ ಪತ್ರಿಕೆಯನ್ನು ಹಾಜರುಪಡಿಸತಕ್ಕದ್ದು. ತಪ್ಪಿದಲ್ಲಿ ಶಾನುಭೋಗರಿಂದ ಸ್ಥಳ ತನಿಖೆ ನಡೆಸಲಾಗುವುದು.'

ನನ್ನ ಪಿತ್ತ ನೆತ್ತಿಗೇರಿತು. ಡ್ರೈವರ್ ಎಂಬ ಮಾತು ಅವರ ಕಣ್ಣಿಗೇ ಬಿದ್ದಿರಲಿಲ್ಲ, ಟ್ರಾಕ್ಟರ್ ಮಾತ್ರ ಬಿದ್ದಿತ್ತು! ಉನೈಜಾದ ಮರಳಿಗೆ ಪಹಣಿ ತೆಗೆದುಕೊಡುವ ಶಾನುಭೋಗ ಯಾವ ಒಂಟೆಯ ಮೇಲೆ ಕೂತಿದ್ದಾನೆ? ಸರ್ವೆ ನಂಬ್ರ ಯಾರ ತಲೆಯ ಮೇಲೆ ಬರೆದಿದೆ? ನಾನು ಮೇಜು ಗುದ್ದಿ ಗುದ್ದಿ ಹತ್ತು ನಿಮಿಷ ಬೈದೆ.

ಕಾಕ ಶಾಂತವಾಗಿ ಈರುಳ್ಳಿ ಹೆಚ್ಚುತ್ತ ಕೇಳುತ್ತಿದ್ದರು. "ರೈಟ್ರೇ, ಟ್ರಾಕ್ಟರ್ ನಾನು ಹತ್ರದಿಂದ ನೋಡಿದ್ದೂ ಇಲ್ಲ. ಉನೈಜಾಕ್ಕೆ ಹೋದದ್ದೂ ಇಲ್ಲ."

"ಗೊತ್ತುಂಟು ಕಾಕ."

"ಆದ್ರೆ ತೋಟ ನಂದೇ ಅಂತ ನಮ್ಮ ಸರ್ಕಾರ ಮೊಹರು ಹಾಕಿ ಬರೆದು ಕೊಟ್ಟಿದೆಯಲ್ಲ. ಇದನ್ನು ನಮ್ಮ ಕಫೀಲರಿಗೆ ತೋರಿಸಿದ್ರೆ ಖರ್ಜೂರದಲ್ಲಿ ಏನಾದ್ರೂ ಪಾಲು ಸಿಗ್ತದಾ?"

೪. ಶಾನುಭೋಗರು ಬಂದರು

ಪಹಣಿ ಎಲ್ಲಿಂದ ತರುವುದು? ಆದ್ದರಿಂದ ಸ್ಥಳ ತನಿಖೆ ಆಯಿತು. ನಾನು ಒಳಗೊಳಗೇ ಖುಷಿಪಟ್ಟೆ. ಕಾಕನ ಮನೆ ನಾನು ರಜೆಯಲ್ಲಿ ಹೋದಾಗ ನೋಡಿದ್ದೆ. ಎರಡು ಕೋಣೆ, ಹಂಚಿನ ಮಾಡು, ಅಂಗಳದಲ್ಲಿ ಬೀಡಿ ಕಟ್ಟುವ ಹೆಂಡತಿ, ಮಕ್ಕಳು. ಕಣ್ಣಿದ್ದವರು ಒಮ್ಮೆ ನೋಡಿದರೆ ಸಾಕು, ಆದಾಯ ಗೊತ್ತಾಗುತ್ತದೆ.

ತನಿಖೆಯ ಸುದ್ದಿ ಕ್ಯಾಸೆಟ್ಟಿನಲ್ಲಿ ಬಂತು. ಆಗ ಓದುಬರಹ ಬಾರದ ಮನೆಯವರು ಪತ್ರದ ಬದಲು ಕ್ಯಾಸೆಟ್ ತುಂಬಿಸಿ ಕಳುಹಿಸುತ್ತಿದ್ದರು. ಅದರಲ್ಲಿ ಹೆಂಡತಿಯ ಮಾತು, ಮಕ್ಕಳ ಜಗಳ, ಹಿತ್ತಲ ಕೋಳಿಯ ಕೂಗು ಎಲ್ಲ ಇರುತ್ತಿತ್ತು. ಗುಟ್ಟು ಎಂಬುದು ಮಾತ್ರ ಇರುತ್ತಿರಲಿಲ್ಲ, ಏಕೆಂದರೆ ಟೇಪ್‌ರೆಕಾರ್ಡರ್ ಇದ್ದದ್ದು ಮೆಸ್ಸಿನಲ್ಲಿ, ಕೇಳುವವರು ಇಪ್ಪತ್ತು ಜನ. ಕಾಕನ ಹೆಂಡತಿ ಬ್ಯಾರಿ ಭಾಷೆಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳುತ್ತೇನೆ.

"ಕೇಳ್ತದಾ? ಸರ್ಕಾರದವರು ಮನೆಗೆ ಬಂದಿದ್ರು. ನಿಮ್ಮ ಮರ್ಯಾದೆ ನಾನು ಕಳೀಲಿಲ್ಲ. ಹಿಂದಿನ ದಿನವೇ ಸುದ್ದಿ ಸಿಕ್ಕಿತ್ತು. ಆಚೆ ಮನೆಯಿಂದ ಸೋಫಾ ತರಿಸಿದೆ."

ನಾನು ಲೋಟ ಕೆಳಗಿಟ್ಟೆ.

"ದುಬಾಯಿಯವರ ಮನೆಯಿಂದ ದೊಡ್ಡ ಟೇಪ್‌ರೆಕಾರ್ಡರ್ ತಂದು ಎದುರಿಗೇ ಇಟ್ಟೆ. ಮಿಕ್ಸಿ ತಂದೆ. ನಮ್ಮಲ್ಲಿ ಕರೆಂಟ್ ಇಲ್ಲ ಅಂತ ಅವರಿಗೆ ಹೇಗೆ ಗೊತ್ತಾಗ್ತದೆ? ಹಜ್ಜಿಗೆ ಹೋದ ಮಾಮಿಯ ಹತ್ತಿರ ವೆಲ್ವೆಟ್ ಕಂಬಳಿ ಇತ್ತಲ್ಲ, ಅದನ್ನು ಸೋಫಾದ ಮೇಲೆ ಹಾಸಿದೆ. ಅವರು ಹೋಗುವಾಗ ಕೈಗೆ ಅತ್ತರು ಹಚ್ಚಿದೆ."

ಟೇಪು ತಿರುಗುತ್ತಿತ್ತು. ಫೋರ್ಮನ್ ಕೂಡ ತಲೆ ಮೇಲೆ ಕೈ ಹೊತ್ತಿದ್ದರು.

"ಶಾನುಭೋಗರು ಎಷ್ಟು ಒಳ್ಳೆಯವರು! 'ಇದೆಲ್ಲ ನಿಮ್ಮದೇನಾ?' ಅಂತ ಕೇಳಿದ್ರು. 'ಮತ್ತೆ ಯಾರದ್ದು, ಇವಳ ಅಪ್ಪ ಗಲ್ಫಿನಲ್ಲಿ ಇರುವುದಲ್ವಾ' ಅಂದೆ. ಒಂದೊಂದೇ ವಸ್ತುವನ್ನು ಕೈ ಬಿಡದೆ ಬರೆದುಕೊಂಡ್ರು. ಮಗಳು ಮಾತ್ರ ಬಾಗಿಲ ಹಿಂದೆ ನಿಂತು ಯಾಕೋ ಅಳ್ತಾ ಇದ್ದಳು, ಓದಿ ಓದಿ ತಲೆ ಬಿಸಿಯಾಗಿರಬೇಕು."

ಆ ಹುಡುಗಿ ಅಳದೆ ಏನು ಮಾಡುವುದು? ಮರ್ಯಾದಸ್ಥರ ಮನೆಗೆ ಸರ್ಕಾರದವರು ಬಂದರೆ ಬರಿಗೈಯಲ್ಲಿ ನಿಲ್ಲಬಾರದೆಂದು ತಾಯಿ ತಿಳಿದಿದ್ದಳು. ಬಡತನ ತೋರಿಸಿದರೆ ಬಹುಮಾನ ಸಿಗುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳ ಮೇಲೆ ಸಿಟ್ಟು ಮಾಡಲೂ ನನಗಾಗಲಿಲ್ಲ.

ಶಾನುಭೋಗರ ವರದಿ 'ಕುಟುಂಬವು ಅನುಕೂಲಸ್ಥ' ಎಂದಾಯಿತು. ಕ್ಯಾಸೆಟ್ ಮುಗಿದ ಮೇಲೆ ಕಾಕ ಅದನ್ನು ಹೊರತೆಗೆದು ಅಂಗಿಯ ತುದಿಯಿಂದ ಒರೆಸಿದರು. ಬೇಸರವಾಗಿರಬೇಕೆಂದು ನಾನು ಸಮಾಧಾನ ಹೇಳಲು ಬಾಯಿ ತೆರೆದೆ.

"ಅಲ್ಲ ರೈಟ್ರೇ," ಎಂದರು ಕಾಕ, "ಸೋಫಾ ಹಾಕಿದ್ರೆ ನಮ್ಮ ಚಾವಡಿಯಲ್ಲಿ ಹಿಡೀತದೆ ಅಂತ ಇವತ್ತು ಗೊತ್ತಾಯ್ತು ನೋಡಿ."

೫. ಒಂದು ಚಮಚವೂ ಇಲ್ಲದ ಮನೆ

ಇದು ಚಿಕ್ಕದು, ಏಕೆಂದರೆ ಹೆಚ್ಚು ಹೇಳಿದರೆ ನನ್ನ ರಕ್ತದೊತ್ತಡ ಏರುತ್ತದೆ.

ಅದೇ ತಿಂಗಳು ಎಂಜಿನಿಯರ್ ಸಾಹೇಬರು ನನ್ನ ಮೇಜಿನ ಹತ್ತಿರ ಬಂದು ಒಂದು ಕಾಗದ ತೋರಿಸಿದರು. ಅವರ ಮಗನಿಗೆ ತಾಲೂಕು ಕಚೇರಿ ಕೊಟ್ಟ ಆದಾಯ ಪ್ರಮಾಣಪತ್ರ. 'ಸದರಿಯವರಿಗೆ ಈ ತಾಲೂಕಿನಲ್ಲಿ ಯಾವುದೇ ಸ್ಥಿರಾಸ್ತಿ, ಚರಾಸ್ತಿ ಅಥವಾ ಆದಾಯ ಇರುವುದಿಲ್ಲ.' ವಾರ್ಷಿಕ ಆದಾಯದ ಎದುರು ದುಂಡಗೆ ಒಂದು ಸೊನ್ನೆ. ಅದನ್ನಿಟ್ಟು ಅದೇ ಟ್ರಸ್ಟಿನಿಂದ ಪುಸ್ತಕದ ಖರ್ಚಿಗೆ ಸ್ಕಾಲರ್‌ಶಿಪ್ಪೂ ಮಂಜೂರಾಗಿತ್ತು. ನಾನು ಟ್ರಸ್ಟಿಗೊಂದು ಧನ್ಯವಾದ ಪತ್ರ ಟೈಪ್ ಮಾಡಿಕೊಡಬೇಕಿತ್ತು.

"ಸಾಹೇಬ್ರೇ, ಕಂಕನಾಡಿಯ ಎರಡು ಮಾಳಿಗೆ ಮನೆ?"

"ಅದು ಮಾವನ ಹೆಸರಲ್ಲಿ."

"ಅಲ್ಲಿರುವ ಕಾರು?"

"ಭಾವನದ್ದು."

"ಇಲ್ಲಿಯ ಸಂಬಳ?"

"ಇಲ್ಲಿ ಯಾವ ತಾಲೂಕು ಉಂಟು ರೈಟ್ರೇ?" ಎಂದರು. ಮೇಲೆ ದನಿ ತಗ್ಗಿಸಿ, "ಕಾಕನ ಮನೆಯಲ್ಲಿ ಸೋಫಾ, ಮಿಕ್ಸಿ, ಟೇಪ್‌ರೆಕಾರ್ಡರ್ ಎಲ್ಲ ಉಂಟಂತೆ. ನನ್ನ ಹೆಸರಲ್ಲಿ ಒಂದು ಚಮಚ ಇಲ್ಲ ನೋಡಿ" ಎಂದರು.

ಧನ್ಯವಾದ ಪತ್ರದಲ್ಲಿ ಮೂರು ತಪ್ಪು ಹೊಡೆದೆ. ಬೇಕೆಂದೇ ಹೊಡೆದೆ.

೬. ಮುದೀರರ ಮರ್ಯಾದೆ

ಆಗಸ್ಟ್ ಬಂತು. ಕಾಕನ ಮಗಳು ತಾನೇ ಕೂತು ಟ್ರಸ್ಟಿಗೆ ನಾಲ್ಕು ಪುಟದ ಪತ್ರ ಬರೆದಳು: ಸೋಫಾ ಆಚೆ ಮನೆಯದ್ದು, ಮಿಕ್ಸಿ ಈಚೆ ಮನೆಯದ್ದು, ತೋಟ ಅರಬನದ್ದು. ಅವರ ಮನಸ್ಸು ಕರಗಿತು. ಆಗಲಿ, ಕಂಪನಿಯ ಮ್ಯಾನೇಜರರೇ ಸಹಿ ಮಾಡಿ ಮೊಹರು ಹಾಕಿದ ಸಂಬಳದ ಸರ್ಟಿಫಿಕೇಟು ಬರಲಿ, ಇದೊಂದೇ ಅವಕಾಶ, ಎಂದು ಬರೆದರು.

ಇಷ್ಟೇನಾ ಎಂದು ನಾನು 'ಅಡುಗೆಯವರು, ತಿಂಗಳ ಸಂಬಳ ರಿಯಾಲ್ ೪೫೦' ಎಂದು ಅಂದವಾಗಿ ಟೈಪ್ ಮಾಡಿ, ಕಾಕನನ್ನೂ ಕರೆದುಕೊಂಡು ಮುದೀರರ ಕೋಣೆಗೆ ಹೋದೆ. ಮುದೀರ್ ಎಂದರೆ ಮ್ಯಾನೇಜರು, ನಮ್ಮ ಮಾಲೀಕರ ತಮ್ಮನ ಮಗ. ಕೆಟ್ಟವರಲ್ಲ. ಅವರಿಗೆ ಅಭಿಮಾನ ಮಾತ್ರ ಸ್ವಲ್ಪ ಹೆಚ್ಚು.

ಪೆನ್ನು ತೆಗೆದರು. ಕಾಗದ ನೋಡಿದರು. ಪೆನ್ನು ಕೆಳಗಿಟ್ಟರು.

"ಇದು ಎಲ್ಲಿಗೆ ಹೋಗುತ್ತದೆ?"

"ಇಂಡಿಯಾಕ್ಕೆ. ಮಗಳ ಕಾಲೇಜಿಗೆ."

"ನಾನೂರೈವತ್ತು ಅಂತ ನನ್ನ ಕಂಪನಿಯ ಹೆಸರಿನ ಕೆಳಗೆ ಬರೆದು ಇಂಡಿಯಾಕ್ಕೆ ಕಳಿಸುತ್ತೀಯಾ? ಐಬ್! ನಾಚಿಕೆಗೇಡು! ಅಲ್ಲಿನವರು ನಮ್ಮ ಬಗ್ಗೆ ಏನು ತಿಳಿದುಕೊಳ್ಳುತ್ತಾರೆ?"

"ಆದರೆ ಸಂಬಳ ಅಷ್ಟೇ ಅಲ್ಲವೇ ಮುದೀರ್?"

"ಸಂಬಳ ಬೇರೆ, ಮರ್ಯಾದೆ ಬೇರೆ. ಒಂಬೈನೂರು ಎಂದು ಬರೆ."

ನಾನು ಅರಬ್ಬಿಯಲ್ಲಿ, ಇಂಗ್ಲಿಷಿನಲ್ಲಿ, ಕೊನೆಗೆ ಕೈ ಬಾಯಿ ಸನ್ನೆಯಲ್ಲಿ ವಿವರಿಸಿದೆ. ಕಡಿಮೆ ಇದ್ದರೇ ಲಾಭ, ಹೆಚ್ಚಾದರೆ ಹುಡುಗಿಯ ಓದು ಹೋಗುತ್ತದೆ ಎಂದೆ. ಮುದೀರ್ ನಕ್ಕರು. ಬಡವನೆಂದು ತೋರಿಸಿಕೊಂಡರೆ ಕಾಲೇಜಿನಲ್ಲಿ ಒಳಗೆ ಬಿಡುತ್ತಾರೆಂದು ನನಗೆ ಯಾರೋ ಮೋಸ ಮಾಡಿದ್ದಾರೆ, ಲೋಕದಲ್ಲಿ ಎಲ್ಲೂ ಹಾಗಿಲ್ಲ ಎಂದರು. ಒಂಬೈನೂರು ಎಂದು ಟೈಪ್ ಮಾಡಿದೆ. ಉದ್ದನೆಯ ಸಹಿ ಹಾಕಿ, ಮೊಹರನ್ನು ಎರಡು ಸಲ ಒತ್ತಿ, ಕಾಕನ ಬೆನ್ನು ತಟ್ಟಿ, "ಮಬ್ರೂಕ್" ಎಂದು ಅಭಿನಂದಿಸಿದರು.

ಹೊರಗೆ ಬಂದು ಕಾಕ ಆ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ರೈಟ್ರೇ, ಈ ಒಂಬೈನೂರು ತಗೊಳ್ಳುವ ಕಾಕ ಯಾರು? ನನಗೆ ಅವರ ಪರಿಚಯ ಮಾಡಿಸಿ, ಸ್ವಲ್ಪ ಸಹಾಯ ಕೇಳುವ."

ಆಮೇಲೆ ನಗು ನಿಂತಿತು. "ಇರಲಿ. ಅವಳಿಗೆ ಕ್ಯಾಸೆಟ್ ತುಂಬಿಸಿ ಕಳಿಸ್ತೇನೆ. ಡಾಕ್ಟರು ಬೇಡ ಮಗಳೇ ಅಂತ. ನೀವು ಹತ್ರ ಇರಿ, ನನಗೆ ಒಬ್ಬನೇ ಹೇಳ್ಲಿಕ್ಕೆ ಆಗುದಿಲ್ಲ."

ಡಿಸ್ಟಿಂಕ್ಷನ್ ಬಂದ ಹುಡುಗಿ ಮನೆಯಲ್ಲಿ ಬೀಡಿ ಕಟ್ಟಬೇಕು, ಹೇಗೋ ಪಾಸಾದವನು ಸ್ಟೆತಸ್ಕೋಪ್ ಹಾಕಿಕೊಳ್ಳಬೇಕು. ನನಗೆ ಮೈಯೆಲ್ಲ ಉರಿಯಿತು. ಆ ಸಿಟ್ಟಿನಲ್ಲೇ ಸರ್ಟಿಫಿಕೇಟಿನ ಕಚೇರಿ ಪ್ರತಿಯನ್ನು ಒಯ್ದು ಅಕೌಂಟೆಂಟರ ಮೇಜಿನ ಮೇಲೆ ಹಾಕಿದೆ. ನಿಯಮದ ಪ್ರಕಾರ ಅವರ ಫೈಲಿಗೂ ಒಂದು ಪ್ರತಿ ಹೋಗಬೇಕು, ನಾನು ಸೇರಿಸಿದ್ದೇನೂ ಇಲ್ಲ. ಅಕೌಂಟೆಂಟರು ಸೂಡಾನಿನವರು. ಭಾರೀ ಕಟ್ಟುನಿಟ್ಟು, ಮೊಹರಿಲ್ಲದ ಕಾಗದವನ್ನು ಕಣ್ಣೆತ್ತಿಯೂ ನೋಡದವರು.

"ಇದು ಮುದೀರರ ಸಹಿ?"

"ಹೌದು."

"ಮೊಹರು ಎರಡು ಇದೆ."

"ಎರಡು ಸಲ ಒತ್ತಿದರು."

"ಖಲಾಸ್," ಎಂದು ಫೈಲಿಗೆ ಸೇರಿಸಿದರು.

ಆ ತಿಂಗಳ ಕೊನೆಗೆ ಸಂಬಳದ ಲಕೋಟೆ ಹಂಚಿದರು. ಕಾಕ ಒಂದು ಸಲ ಎಣಿಸಿದರು, ಇನ್ನೊಂದು ಸಲ ಎಣಿಸಿದರು, ಮೂರನೆಯ ಸಲ ನನ್ನಿಂದ ಎಣಿಕೆ ಮಾಡಿಸಿದರು. ಒಂಬೈನೂರು. ನಾನು "ಸುಮ್ನೆ ಜೇಬಿಗೆ ಹಾಕಿ ಕಾಕ" ಎನ್ನುವಷ್ಟರಲ್ಲಿ ಅವರು ಲಕೋಟೆ ಹಿಡಿದುಕೊಂಡು ಮುದೀರರ ಕೋಣೆಯತ್ತ ನಡೆದೇಬಿಟ್ಟರು. "ಹೆಚ್ಚು ಬಂದ ಹಣ ಹರಾಮು ರೈಟ್ರೇ" ಎನ್ನುವುದು ಬಾಗಿಲಿನಿಂದ ಕೇಳಿಸಿತು. ಹಿಂದಿನಿಂದ ಓಡಿ ಅಂಗಿ ಹಿಡಿದು ಎಳೆದೆ. ಐವತ್ತೆರಡರ ಮುದುಕನಿಗೆ ಆ ವೇಗ ಎಲ್ಲಿಂದ ಬಂತೋ!

ಒಳಗೆ ಮುದೀರರ ಎದುರು ಮೂವರು ಅತಿಥಿಗಳು ಕಾಫಿ ಕುಡಿಯುತ್ತಿದ್ದರು. ಒಬ್ಬರು ಬಿಳಿ ಗಡ್ಡದ ಹಿರಿಯರು. ಕಾಕ ಸಲಾಂ ಹೇಳಿ ಲಕೋಟೆಯನ್ನು ಮೇಜಿನ ಮೇಲಿಟ್ಟರು.

"ಮುದೀರ್, ಲೆಕ್ಕ ತಪ್ಪಿದೆ. ನನಗೆ ಒಂಬೈನೂರು ಬಂದಿದೆ."

ನಾನು ಮನಸ್ಸಿನಲ್ಲೇ ಊರಿನ ಟಿಕೆಟು ತೆಗೆದೆ. ಮುದೀರ್ ಅಕೌಂಟೆಂಟರನ್ನು ಕರೆಸಿದರು. ಅವರು ಫೈಲು ತಂದು ತೋರಿಸಿದರು. ಮುದೀರ್ ತಮ್ಮ ಸಹಿ ನೋಡಿದರು, ಮೊಹರು ನೋಡಿದರು, ಎರಡನೆಯ ಮೊಹರನ್ನೂ ನೋಡಿದರು. ಮುಖ ಕೆಂಪಗಾಯಿತು. ನನ್ನತ್ತ ತಿರುಗಿ ಬಾಯಿ ತೆರೆದರು.

ಅಷ್ಟರಲ್ಲಿ ಬಿಳಿ ಗಡ್ಡದ ಹಿರಿಯರು, "ಮಾಷಾ ಅಲ್ಲಾ! ಅಡುಗೆಯವನಿಗೆ ಒಂಬೈನೂರು ಕೊಡುತ್ತೀಯಾ? ನಿನ್ನ ತಂದೆಯ ಹಾಗೇ ದೊಡ್ಡ ಮನಸ್ಸು ನಿನ್ನದು" ಎಂದುಬಿಟ್ಟರು. ಉಳಿದಿಬ್ಬರೂ ತಲೆದೂಗಿದರು.

ಮುದೀರರ ತೆರೆದ ಬಾಯಿ ಹಾಗೇ ಒಂದು ಗಳಿಗೆ ನಿಂತಿತು. ನಿಧಾನವಾಗಿ ಎದೆ ಸೆಟೆಯಿತು. ಲಕೋಟೆಯನ್ನು ಎತ್ತಿ ಕಾಕನ ಕೈಗಿಟ್ಟರು. ಬಳಿಕ ಪಾಪದ ಸೂಡಾನಿಯವರ ಕಡೆ ತಿರುಗಿ ಗುಡುಗಿದರು:

"ಇವನ ಸಂಬಳ ಒಂಬೈನೂರು ಎಂದು ನಾನೇ ಬರೆದುಕೊಟ್ಟಿದ್ದೇನೆ! ಇಷ್ಟು ವರ್ಷ ಯಾಕೆ ಕಡಿಮೆ ಕೊಟ್ಟೆ?"

ಅತಿಥಿಗಳ ಎದುರಿಗೇ ಹಿಂದಿನ ಬಾಕಿಯನ್ನೂ ಎಣಿಸಿ ಕೊಡಬೇಕಾಯಿತು. ಅಂದೇ ಬತ್ತಾ ಪೇಟೆಗೆ ಹೋಗಿ ಬ್ಯಾಂಕ್ ಡ್ರಾಫ್ಟ್ ತೆಗೆದೆವು, ಮರುದಿನ ರಜೆಯಲ್ಲಿ ಹೊರಟವರ ಕೈಯಲ್ಲಿ ಕಳುಹಿಸಿದೆವು. ಕೊನೆಯ ದಿನಕ್ಕೆ ಮೂರು ದಿನ ಮೊದಲು ಫೀಸು ಕಟ್ಟಿ ಹುಡುಗಿ ಕಾಲೇಜು ಸೇರಿದಳು. ಟ್ರಸ್ಟಿನ ಹಂಗೂ ಇಲ್ಲ, ತಾಲೂಕು ಕಚೇರಿಯ ಹಂಗೂ ಇಲ್ಲ. ಅಷ್ಟು ವರ್ಷ ಟೈಪ್ ಮಾಡಿದ್ದರಲ್ಲಿ ಆ ಒಂಬೈನೂರರ ಕಾಗದದ ಬಗ್ಗೆ ನನಗೆ ಇವತ್ತಿಗೂ ಸಂತೋಷವಿದೆ.

ಆದರೆ ನನ್ನ ಪಾಡು ಕೇಳಬೇಡಿ. ಡ್ರಾಫ್ಟ್ ಕಳುಹಿಸಿದ ಮರುದಿನ ಬೆಳಿಗ್ಗೆ ಆಫೀಸಿನ ಬಾಗಿಲು ತೆರೆದರೆ ಹೊರಗೆ ಮೂವತ್ತೆಂಟು ಜನರ ಸಾಲು. ಎಲ್ಲರ ಮಗಳಿಗೂ ರಾತ್ರಿ ಬೆಳಗಾಗುವುದರೊಳಗೆ ಮೆಡಿಕಲ್ ಸೀಟು ಸಿಕ್ಕಿತ್ತು! ಒಬ್ಬರ ಮಗಳು ಎರಡನೇ ಕ್ಲಾಸು. ಇನ್ನೊಬ್ಬರಿಗೆ ಇದ್ದದ್ದು ಗಂಡು ಮಕ್ಕಳು ಮಾತ್ರ. ಮೊಹರು ಮುದೀರರ ಬೀರುವಿನಲ್ಲಿ ಬೀಗದೊಳಗೆ ಸೇರಿಯಾಗಿದೆ ಎಂದು ಎಷ್ಟು ಕೂಗಿ ಹೇಳಿದರೂ ಒಬ್ಬರೂ ಕದಲಲಿಲ್ಲ.

ಸಾಲಿನ ಕೊನೆಯಲ್ಲಿ ನಿಂತವರು ನಮ್ಮ ಗೇಟಿನ ವಾಚ್‌ಮನ್, ಕಾರ್ಕಳದ ಕಡೆಯವರು, ನಲವತ್ತೆಂಟು ದಾಟಿದ ಬ್ರಹ್ಮಚಾರಿ. ನನಗೆ ತಡೆಯಲಾಗಲಿಲ್ಲ.

"ನಿಮಗೆಂತದು ಮಾರಾಯ್ರೇ? ನಿಮ್ಮ ಮಗಳು ಯಾವ ಕಾಲೇಜು?"

"ಮದುವೆಯೇ ಆಗ್ಲಿಲ್ಲ ರೈಟ್ರೇ. ಈ ಸಂಬಳಕ್ಕೆ ಹೆಣ್ಣು ಕೊಡುದಿಲ್ಲ ಅಂದ್ರು," ಎಂದರು. "ನೀವು ಮೊದ್ಲು ಸರ್ಟಿಫಿಕೇಟ್ ಕೊಡಿ. ಮಗಳ ವ್ಯವಸ್ಥೆ ನಾನು ಆಮೇಲೆ ಮಾಡ್ತೇನೆ."